30×40 ಮನೆಯ ತಾರಸಿ: ಎಷ್ಟು ಬ್ಯಾಗ್ ಇಡಬಹುದು, ಮಣ್ಣು ಇಟ್ಟಿಗೆ ಆಗದಂತೆ ಏನು ಮಾಡಬೇಕು?

ತಾರಸಿ_ತರಕಾರಿ:

ಬೆಂಗಳೂರು, 30×40 ಸೈಟು, ನೆಲಮಹಡಿಯ ಮೇಲೆ ಒಂದು ಮಹಡಿ. ಆರ್‌ಸಿಸಿ ಸ್ಲ್ಯಾಬ್, ಕಟ್ಟಿ 14 ವರ್ಷ. ಟ್ಯಾಂಕು, ಸೋಲಾರ್, ಮೆಟ್ಟಿಲ ಕೋಣೆ, ಬಟ್ಟೆ ಒಣಹಾಕುವ ಜಾಗ ಎಲ್ಲ ಕಳೆದರೆ ತೋಟಕ್ಕೆ ಉಳಿಯುವುದು ಹೆಚ್ಚುಕಡಿಮೆ 350 ಚದರಡಿ. ದಕ್ಷಿಣದ ಪಕ್ಕದ ಕಟ್ಟಡ ನಮ್ಮ ತಾರಸಿಗಿಂತ ಎರಡು ಮಹಡಿ ಎತ್ತರ. ಪೂರ್ವ, ಪಶ್ಚಿಮ ಎರಡೂ ಕಡೆ ತೆರೆದಿದೆ.

ಸದ್ಯ 12×12 ಇಂಚಿನ 40 ಗ್ರೋ ಬ್ಯಾಗ್ ಇವೆ. ಎಲ್ಲದಕ್ಕೂ ಕೆಮ್ಮಣ್ಣು ಮುಕ್ಕಾಲು, ಕೊಟ್ಟಿಗೆ ಗೊಬ್ಬರ ಕಾಲು ಭಾಗ. ಈಗಿನ ತೊಂದರೆಗಳು:

ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿದೆ. ನೀರು ಹಾಕಿದರೆ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ, ನಡುವೆ ಒಣಮಣ್ಣು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಮೆಣಸಿನ ಗಿಡದ ಎಲೆ ಮುದುಡಿದೆ. ಬೋರ್‌ವೆಲ್ ನೀರು, ಮೀಟರಿನಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಉಪ್ಪಿನಂಶ) 1050 ತೋರಿಸುತ್ತದೆ. ಕೆಳಗಿನ ಕೋಣೆಯ ಸೀಲಿಂಗ್‌ನಲ್ಲಿ ಒಂದು ಕಡೆ ಅಂಗೈಯಗಲ ತೇವದ ಕಲೆ ಬಂದಿದೆ.

ಇನ್ನೂ 60 ಬ್ಯಾಗ್ ಸೇರಿಸಿ ನಾಲ್ಕು ಜನರ ಮನೆಗೆ ಸೊಪ್ಪು ತರಕಾರಿ ಆದಷ್ಟು ಇಲ್ಲೇ ಬೆಳೆಯಬೇಕೆಂದಿದೆ. ಸ್ಲ್ಯಾಬ್ ತಡೆಯುತ್ತದೆಯೇ? ಮಿಶ್ರಣ ಹೇಗಿರಬೇಕು? ನೀರಿಗೆ ಡ್ರಿಪ್ ಹಾಕಿಸಿದರೆ ಪ್ರಯೋಜನ ಇದೆಯೇ?

ಸಿಮೆಂಟು_ಜಲ್ಲಿ:

ಗಿಡದ ಮಾತು ಆಮೇಲೆ, ಮೊದಲು ಭಾರದ ಲೆಕ್ಕ ಮಾಡಿ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಹಿಡಿಯುವ ಚರಭಾರ (ಜನ, ಸಾಮಾನಿನಂತಹ ಬದಲಾಗುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಚದರಡಿಗೆ 14 ಕೆಜಿ ಅಂದುಕೊಳ್ಳಿ.

ನಿಮ್ಮ ಬ್ಯಾಗ್ ಹಿಡಿಯುವುದು ಸುಮಾರು 20 ಲೀಟರ್. ನೆನೆದ ಕೆಮ್ಮಣ್ಣು ಲೀಟರಿಗೆ 1.8 ಕೆಜಿ ತೂಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಿಮ್ಮ ಒಂದೊಂದು ಬ್ಯಾಗ್ 36 ಕೆಜಿ. ಅಂಟಿಸಿಟ್ಟರೆ ಒಂದು ಚದರ ಮೀಟರಿನಲ್ಲಿ ಒಂಬತ್ತು ಬ್ಯಾಗ್ ಕೂರುತ್ತವೆ, 320 ಕೆಜಿ ಮೀರುತ್ತದೆ. ಮೇಲಿನ ಅಂಕಿಯ ಎರಡು ಪಟ್ಟಿಗಿಂತ ಹೆಚ್ಚು. ಸ್ಲ್ಯಾಬ್ ಇವತ್ತೇ ಬೀಳುವುದಿಲ್ಲ, ಆದರೆ ನಡುವೆ ಬಾಗುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ, ನೀರು ಆ ದಾರಿ ಹಿಡಿದು ಕಂಬಿಯವರೆಗೆ ಹೋಗುತ್ತದೆ.

350 ಚದರಡಿ ಅಂದರೆ 32.5 ಚದರ ಮೀಟರ್. ಓಡಾಡುವ ಜನ, ನೀರಿನ ಡ್ರಮ್ಮು, ಎಲ್ಲೋ ಕಟ್ಟಿಕೊಂಡು ನಿಲ್ಲುವ ಮಳೆನೀರು, ಇವಕ್ಕೆಲ್ಲ ಅರ್ಧ ಬಿಟ್ಟು ತೋಟಕ್ಕೆ ಸರಾಸರಿ ಚದರ ಮೀಟರಿಗೆ 75 ಕೆಜಿ ದಾಟಿಸಬೇಡಿ. ಒಟ್ಟು 2,400 ಕೆಜಿ ಆಯಿತು. ಕೆಮ್ಮಣ್ಣಿನ ಬ್ಯಾಗ್ ಆದರೆ 66ಕ್ಕೆ ಮುಗಿಯಿತು. ಹಗುರ ಮಿಶ್ರಣದ ಬ್ಯಾಗ್ ನೆನೆದಾಗ 20 ಕೆಜಿ ಅಂದರೆ 120 ಇಡಬಹುದು. ನಿಮ್ಮ 100 ಬ್ಯಾಗ್ ಆಸೆ ಸಾಧ್ಯ, ಈಗಿರುವ ಮಣ್ಣಿನಲ್ಲಿ ಸಾಧ್ಯವಿಲ್ಲ.

ಇಡುವ ಜಾಗವೂ ಮುಖ್ಯ. ಕೆಳಗಿನ ಕೋಣೆಗಳಲ್ಲಿ ನಿಂತು ಬೀಮ್, ಗೋಡೆ ಎಲ್ಲಿ ಹೋಗಿವೆ ನೋಡಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಭಾರದ ಬ್ಯಾಗ್, ಅರ್ಧ ಡ್ರಮ್ಮು ಆ ಗೆರೆಗಳ ಮೇಲೆ. ಕೆಳಗಿನ ಹಾಲ್‌ನ ನಟ್ಟನಡುವೆ ಬರುವ ಜಾಗದಲ್ಲಿ ಸೊಪ್ಪಿನ ಕ್ರೇಟು ಅಥವಾ ನಡೆಯುವ ದಾರಿ ಇರಲಿ. ಸಜ್ಜಾ ಮತ್ತು ಹೊರಚಾಚಿದ ಬಾಲ್ಕನಿ ಮೇಲೆ ಏನೂ ಬೇಡ. ಪ್ಯಾರಪೆಟ್ ಗೋಡೆಯ ನೆತ್ತಿಯ ಮೇಲೆ ಕುಂಡ ಇಡುವ ಚಟ ಬಿಟ್ಟುಬಿಡಿ, ಗಾಳಿಗೆ ಬಿದ್ದರೆ ಕೆಳಗೆ ಜನ ಇರುತ್ತಾರೆ.

ತೇವದ ಕಲೆ ಇರುವಾಗ ಒಂದು ಬ್ಯಾಗೂ ಸೇರಿಸಬೇಡಿ. ಆ ಭಾಗದ ಬ್ಯಾಗ್ ತೆಗೆದು, ಸುತ್ತ ಗಾರೆಯಲ್ಲಿ ಎರಡಿಂಚು ಕಟ್ಟೆ ಕಟ್ಟಿ, ಒಂದಿಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಗೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿರಿ. ಗೆರೆ ದಾಟಿದರೆ ಸ್ಲ್ಯಾಬೇ ಸೋರುತ್ತಿದೆ, ವಾಟರ್‌ಪ್ರೂಫಿಂಗ್ ಮಾಡಿಸದೆ ಗತಿಯಿಲ್ಲ. ದಾಟದಿದ್ದರೆ ಮಳೆನೀರಿನ ಪೈಪಿನ ಬಾಯಿ ನೋಡಿ. ಬಹಳಷ್ಟು ಸಲ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಎಲೆ ಸೇರಿ ಅಲ್ಲೇ ಕಟ್ಟಿಕೊಂಡಿರುತ್ತದೆ. ಬಾಯಿಗೆ ಜಾಲರಿ ಹಾಕಿ, ತಿಂಗಳಿಗೊಮ್ಮೆ ಕೈ ಹಾಕಿ ತೆಗೆಯಿರಿ.

ಕೊನೆಗೆ, ಬ್ಯಾಗ್ ನೇರ ನೆಲಕ್ಕೆ ತಾಗಬಾರದು. ಮೂರು ನಾಲ್ಕು ಇಂಚು ಎತ್ತರದ ಸ್ಟ್ಯಾಂಡ್ ಸಾಕು. ಕಬ್ಬಿಣದ ಸ್ಟ್ಯಾಂಡ್ ಆದರೆ ಪ್ರತಿ ಕಾಲಿನ ಕೆಳಗೆ ಒಡೆದ ಟೈಲ್ಸ್ ಚೂರು ಕೊಡಿ. ಇಲ್ಲದಿದ್ದರೆ ಕಾಲಿನ ತುದಿಯೇ ವಾಟರ್‌ಪ್ರೂಫಿಂಗ್ ಪದರವನ್ನು ತೂತು ಮಾಡುತ್ತದೆ.

ಎರೆಹುಳ:

ಮಣ್ಣು ಇಟ್ಟಿಗೆಯಾಗುವುದಕ್ಕೆ ಕಾರಣ ಮಣ್ಣು ಕೆಟ್ಟದ್ದು ಅಂತಲ್ಲ. ಹೊಲದಲ್ಲಿ ಕೆಮ್ಮಣ್ಣನ್ನು ಬೇರು, ಎರೆಹುಳ, ನೇಗಿಲು ಸಡಿಲ ಮಾಡುತ್ತಿರುತ್ತವೆ. ಬ್ಯಾಗಿನಲ್ಲಿ ದಿನಾ ಮೇಲಿಂದ ನೀರಿನ ಪೆಟ್ಟು ಮಾತ್ರ. ಜೇಡಿ ಕಣ ಕೆಳಗಿಳಿದು ಗಟ್ಟಿಯಾಗುತ್ತದೆ, ಒಣಗಿದಾಗ ಕುಗ್ಗಿ ಬ್ಯಾಗಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನೀರು ಜಾರುವುದು ಆ ಸಂದಿನಲ್ಲೇ.

ಒಂದು ಬ್ಯಾಗಿಗೆ 18 ಲೀಟರ್ ತುಂಬಿ, ಮೇಲೆ ಎರಡಿಂಚು ಖಾಲಿ ಇರಲಿ. ಅಳತೆ ಲೀಟರಿನಲ್ಲಿ, ತೂಕದಲ್ಲಲ್ಲ: ತೊಳೆದ ಕೋಕೊಪೀಟ್ 7, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕಾಂಪೋಸ್ಟ್ 6, ಜರಡಿ ಹಿಡಿದ ಕೆಮ್ಮಣ್ಣು 3.5, ಸುಟ್ಟ ಭತ್ತದ ಹೊಟ್ಟು 1.5. ಜೊತೆಗೆ ಬೇವಿನ ಹಿಂಡಿ 50 ಗ್ರಾಂ. ಕೆಮ್ಮಣ್ಣನ್ನು ಪೂರ್ತಿ ಬಿಡಬೇಡಿ. ಬರೀ ಕೋಕೊಪೀಟ್, ಗೊಬ್ಬರದಲ್ಲಿ ಗಿಡ ನೆಟ್ಟರೆ ಗಾಳಿಗೆ ಅಲುಗಾಡುತ್ತದೆ, ಪೋಷಕಾಂಶ ನಿಲ್ಲುವುದಿಲ್ಲ.

5 ಕೆಜಿ ಕೋಕೊಪೀಟ್ ಬ್ಲಾಕ್ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ, ಹತ್ತು ಬ್ಯಾಗಿಗೆ ಸಾಕು. ಆದರೆ ನೆನೆಸಿ ನೇರ ತುಂಬಬೇಡಿ. 25 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಗೋಣಿಚೀಲಕ್ಕೆ ಸುರಿದು ಬಸಿಯಿರಿ. ಚಹಾದ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ. ಬಣ್ಣ ತಿಳಿಯಾಗುವ ತನಕ ಎರಡು ಮೂರು ಸಲ ಹೀಗೆ. ಇಷ್ಟಕ್ಕೆ ಹೆಚ್ಚಿನ ಉಪ್ಪು ಹೋಗುತ್ತದೆ, ನಾರಿಗೆ ಅಂಟಿದ ಸೋಡಿಯಂ, ಪೊಟ್ಯಾಶಿಯಂ ಹೋಗುವುದಿಲ್ಲ. ಅದಕ್ಕೆ ಕೊನೆಯ ನೆನೆಯಲ್ಲಿ 20 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಒಂದು ದಿನ ಬಿಟ್ಟು ಬಸಿಯಿರಿ. ರಾಸಾಯನಿಕ ಬೇಡ ಎನ್ನುವವರು ತುಂಬುವಾಗ ಬ್ಯಾಗಿಗೆ ಒಂದು ಹಿಡಿ ಜಿಪ್ಸಂ ಸೇರಿಸಿ. ನಿಧಾನ, ಆದರೆ ಆಗುತ್ತದೆ. ಇದನ್ನು ಬಿಟ್ಟರೆ ಹೊಸ ಬ್ಯಾಗಿನಲ್ಲಿ ಮೊದಲ ತಿಂಗಳೇ ಎಲೆ ತುದಿ ಸುಡುತ್ತದೆ, ಜನ ನೀರು ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ನೀರು ಸುರಿಯುತ್ತಾರೆ.

ಹಳೆಯ ಮಣ್ಣು ಎಸೆಯಬೇಡಿ. 40 ಬ್ಯಾಗಿನ ಮಣ್ಣು ಸರಿಸುಮಾರು 200 ಬ್ಯಾಗಿನ ಹೊಸ ಮಿಶ್ರಣಕ್ಕೆ ಬರುತ್ತದೆ. ಒಡೆದು, ಬೇರು ತೆಗೆದು, ತುಸು ನೀರು ಚಿಮುಕಿಸಿ, ಪಾರದರ್ಶಕ ಪಾಲಿಥೀನ್ ಹೊದಿಸಿ ಬೇಸಿಗೆಯ ಬಿಸಿಲಲ್ಲಿ ಮೂರು ವಾರ ಬಿಡಿ. ನಾಲ್ಕಿಂಚಿಗಿಂತ ದಪ್ಪ ಹರಡಿದರೆ ಒಳಗೆ ಬಿಸಿ ಏರುವುದಿಲ್ಲ.

ಹಿತ್ತಲ_ಸೊಪ್ಪು:

@ಎರೆಹುಳ, ಮಿಶ್ರಣ ಒಪ್ಪಿದೆ, ಆದರೆ ಇಷ್ಟು ಕೋಕೊಪೀಟ್ ಯಾಕೆ ಕೊಳ್ಳಬೇಕು? ಜನವರಿಯಿಂದ ಮಾರ್ಚ್ ತನಕ ಬೆಂಗಳೂರಿನ ಯಾವ ರಸ್ತೆಯಲ್ಲಿ ನಿಂತರೂ ಚೀಲಗಟ್ಟಲೆ ಒಣಎಲೆ. ಬ್ಯಾಗಿನ ತಳದ ಮೂರನೇ ಒಂದು ಭಾಗ ಎಲೆ ತುಳಿದು ತುಂಬಿದರೆ ಭಾರವೂ ಕಡಿಮೆ, ದುಡ್ಡೂ ಉಳಿಯಿತು.

ಎರೆಹುಳ:

ಅರ್ಧ ಡ್ರಮ್ಮಿನಲ್ಲಿ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಮಾಡಿ, ಚೆನ್ನಾಗಿರುತ್ತದೆ. 20 ಲೀಟರ್ ಬ್ಯಾಗಿನಲ್ಲಿ ಬೇಡ. ಎಲೆ ಎರಡು ಮೂರು ತಿಂಗಳಲ್ಲಿ ಕಳಿತು ಕಾಲು ಭಾಗಕ್ಕೆ ಇಳಿಯುತ್ತದೆ. ಸರಿಯಾಗಿ ಟೊಮೆಟೊ ಕಾಯಿ ಹಿಡಿಯುವ ಹೊತ್ತಿಗೆ ಗಿಡವೇ ಬ್ಯಾಗಿನೊಳಕ್ಕೆ ಕುಸಿದಿರುತ್ತದೆ. ಒಣಎಲೆ ಕಳಿಯುವಾಗ ಸಾರಜನಕವನ್ನೂ ಎಳೆದುಕೊಳ್ಳುತ್ತದೆ, ಎಲೆ ಹಳದಿಗೆ ತಿರುಗುತ್ತದೆ. ಒಣಎಲೆಯನ್ನು ಬೇರೆ ಚೀಲದಲ್ಲಿ ನೀರು ಚಿಮುಕಿಸಿ, ಸಗಣಿ ನೀರು ಹಾಕಿ ಆರು ತಿಂಗಳು ಕಳಿಸಿ, ಆಮೇಲೆ ಕೋಕೊಪೀಟಿನ ಅರ್ಧಕ್ಕೆ ಬದಲಾಗಿ ಬಳಸಿದರೆ ನಿಮ್ಮ ಮಾತೇ ಸರಿ.

ಹನಿ_ನೀರು:

ಟೊಮೆಟೊ ತಳ ಕಪ್ಪಾಗುವುದು ರೋಗ ಅಲ್ಲ, ಯಾವ ಸಿಂಪಡಣೆಯೂ ಬೇಡ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲೇ ಗಿಡದೊಳಗೆ ಹೋಗಬೇಕು. ಬೆಳಿಗ್ಗೆ ಒಣಗಿ ಬಾಡುವುದು, ಸಂಜೆ ಕೊಡ ಸುರಿಯುವುದು, ಹೀಗಾದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಕಾಯಿಯ ತುದಿಗೆ ಮುಟ್ಟುವುದಿಲ್ಲ. ಕಪ್ಪಾದ ಕಾಯಿ ಕಿತ್ತುಹಾಕಿ, ನೀರು ಸಮನಾಗಿಸಿ. ಮೊಟ್ಟೆ ಸಿಪ್ಪೆ ಹುಗಿಯುವ ಸಲಹೆ ಎಲ್ಲೆಡೆ ಓಡಾಡುತ್ತದೆ. ಸಿಪ್ಪೆ ಕರಗುವಷ್ಟರಲ್ಲಿ ಆ ಗಿಡದ ಆಯುಸ್ಸೇ ಮುಗಿದಿರುತ್ತದೆ.

ಡ್ರಿಪ್ ಹಾಕಿಸಿ, ಆದರೆ ಅಂಗಡಿಯವರು ಕೊಡುವ ಕಿಟ್ ಕಣ್ಮುಚ್ಚಿ ತರಬೇಡಿ. ಮೆಟ್ಟಿಲ ಕೋಣೆಯ ಮೇಲಿನ ಟ್ಯಾಂಕಿನಿಂದ ತಾರಸಿಗೆ ಸಿಗುವ ಎತ್ತರ ಎರಡೂವರೆ ಮೀಟರ್, ಅಂದರೆ ಒತ್ತಡ ಚದರ ಸೆಂ.ಮೀ.ಗೆ ಕಾಲು ಕೆಜಿ. ಒತ್ತಡ ಸರಿದೂಗಿಸುವ ಮಾದರಿಯ ಡ್ರಿಪ್ಪರ್‌ಗಳಿಗೆ ಸಾಮಾನ್ಯವಾಗಿ ಇದರ ಎರಡು ಪಟ್ಟಾದರೂ ಬೇಕು, ಇಲ್ಲಿ ತೊಟ್ಟಿಕ್ಕುತ್ತವೆ ಅಷ್ಟೆ. ಸಾದಾ ಮಾದರಿಯ, ಗಂಟೆಗೆ 4 ಲೀಟರಿನ ಡ್ರಿಪ್ಪರ್ ತನ್ನಿ. ಆ 4 ಲೀಟರ್ ಒಂದು ಕೆಜಿ ಒತ್ತಡದ ಲೆಕ್ಕ. ಕಾಲು ಕೆಜಿ ಒತ್ತಡದಲ್ಲಿ ಗಂಟೆಗೆ 2 ಲೀಟರ್ ಬರುತ್ತದೆ. ಒಂದು ಡ್ರಿಪ್ಪರ್‌ನ ಕೆಳಗೆ ಲೋಟ ಹಿಡಿದು 6 ನಿಮಿಷ ನೋಡಿ, 200 ಮಿ.ಲೀ. ತುಂಬಬೇಕು.

ಏಪ್ರಿಲ್‌ನಲ್ಲಿ ಕಾಯಿ ಬಿಟ್ಟ ಟೊಮೆಟೊಗೆ ದಿನಕ್ಕೆ 2 ಲೀಟರ್: ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಡಿಸೆಂಬರ್‌ನಲ್ಲಿ ಒಂದು ಹೊತ್ತು ಸಾಕು. ಮೇನ್ ಪೈಪು 16 ಮಿ.ಮೀ., ಒಂದೊಂದು ಸಾಲು 10 ಮೀಟರ್ ಮೀರದಿರಲಿ. ಸಾಲಿನ ಎರಡೂ ತುದಿ ಸೇರಿಸಿ ಉಂಗುರದಂತೆ ಮಾಡಿದರೆ ಮೊದಲ ಬ್ಯಾಗಿಗೆ ಹೆಚ್ಚು, ಕೊನೆಯದಕ್ಕೆ ಕಡಿಮೆ ಎನ್ನುವ ತಕರಾರು ಇರುವುದಿಲ್ಲ. ಟ್ಯಾಂಕಿನ ಬುಡದಲ್ಲಿ ಮುಕ್ಕಾಲು ಇಂಚಿನ 120 ಮೆಶ್ ಸ್ಕ್ರೀನ್ ಫಿಲ್ಟರ್ ಕಡ್ಡಾಯ.

1050 ಟಿಡಿಎಸ್ ನೀರಿಗೆ ಎರಡು ಕೆಲಸ ಹೆಚ್ಚು. ಡ್ರಿಪ್ಪರ್ ಬಾಯಿಗೆ ಬಿಳಿ ಉಪ್ಪು ಕಟ್ಟಿದಾಗ ಕಳಚಿ, ಲೀಟರಿಗೆ 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿದ ನೀರಿನಲ್ಲಿ ರಾತ್ರಿ ನೆನೆಹಾಕಿ. ಎರಡನೆಯದು, ಬ್ಯಾಗಿನೊಳಗೆ ಸೇರುವ ಉಪ್ಪು. ಹದಿನೈದು ದಿನಕ್ಕೊಮ್ಮೆ ತಳದಿಂದ ಧಾರಾಳವಾಗಿ ನೀರು ಇಳಿಯುವಷ್ಟು ಹಾಕಿ ತೊಳೆಯಬೇಕು. ಅದಕ್ಕೆ ಮಳೆನೀರಿಗಿಂತ ಒಳ್ಳೆಯದಿಲ್ಲ. ತಾರಸಿಯ ನೀರು ಗೊಬ್ಬರ ಬೆರೆತು ಕೊಳಕಾಗಿರುತ್ತದೆ, ಮೆಟ್ಟಿಲ ಕೋಣೆಯ ಮೇಲಿನ 100 ಚದರಡಿಯ ನೀರನ್ನು ಹಿಡಿಯಿರಿ. 20 ಮಿ.ಮೀ. ಮಳೆಗೆ 180 ಲೀಟರ್ ಬೀಳುತ್ತದೆ, ಒಂದು ಡ್ರಮ್ಮು ತುಂಬಿತು. ಆ ಡ್ರಮ್ಮು ಬೀಮಿನ ಗೆರೆಯ ಮೇಲೆ.

ಅಡುಗೆಮನೆಯ ಆರ್‌ಒ ವೇಸ್ಟ್ ನೀರು ಬೇಡವೇ ಬೇಡ, ಅದರ ಟಿಡಿಎಸ್ ಬೋರ್‌ನೀರಿಗಿಂತಲೂ ಜಾಸ್ತಿ. ಬಟ್ಟೆ ಒಗೆದ ನೀರಿನಲ್ಲಿ ಸೋಡಿಯಂ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಅಂದಂದೇ ಹಾಕಿ.

ತಾರಸಿ_ತರಕಾರಿ:

ಎಲ್ಲರಿಗೂ ಧನ್ಯವಾದ. ಮೆಣಸಿನ ಎಲೆ ಬಗ್ಗೆ ಹೇಳಿ. ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತೆ ಕಾಣುತ್ತದೆ. ಇನ್ನು, ದಕ್ಷಿಣದ ಕಟ್ಟಡದ ನೆರಳಿಗೆ ಯಾವ ಗಿಡ?

ಬೇವಿನಹಿಂಡಿ:

ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಕೀಟ. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ, ರಾಗಿಗಿಂತ ಸಣ್ಣ, ಉದ್ದನೆಯ ಹಳದಿ ಹುಳು ಓಡಾಡುತ್ತವೆ. ಕೆಳಕ್ಕೆ ಮಡಚಿ, ಎಲೆತೊಟ್ಟು ಉದ್ದವಾಗಿ, ದೋಣಿ ಮಗುಚಿದಂತೆ ಇದ್ದರೆ ನುಸಿ. ಎಲೆ ಚಿಕ್ಕದಾಗಿ, ಗಂಟುಗಂಟಾಗಿ, ಗಿಡವೇ ಗಿಡ್ಡವಾಗಿದ್ದರೆ ಬಿಳಿನೊಣ ತಂದ ವೈರಸ್. ಈ ಮೂರನ್ನೂ 'ಮುಟುರು ರೋಗ' ಅಂತ ಒಂದೇ ಹೆಸರಲ್ಲಿ ಕರೆದು ಒಂದೇ ಔಷಧಿ ಹೊಡೆಯುವುದರಿಂದಲೇ ಅರ್ಧ ಗಿಡ ಹೋಗುವುದು.

ಥ್ರಿಪ್ಸ್‌ಗೆ: ಮೊದಲು ಪೈಪಿನ ರಭಸಕ್ಕೆ ಎಲೆಯ ತಳ ತೊಳೆಯಿರಿ. ಮಾರನೇ ದಿನ ಸಂಜೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ. ಎಣ್ಣೆಯನ್ನು ಮೊದಲು 2 ಮಿ.ಲೀ. ಸೋಪಿನ ದ್ರಾವಣ ಅಥವಾ ಅಂಟುವಾಳದ ನೀರಿನಲ್ಲಿ ಹಾಲಿನಂತೆ ಕಲಸಿ, ಆಮೇಲೆ ನೀರು ಸೇರಿಸಿ. ನೇರ ನೀರಿಗೆ ಹಾಕಿದರೆ ಎಣ್ಣೆ ತೇಲುತ್ತದೆ, ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ. ವಾರಕ್ಕೊಮ್ಮೆ, ಮೂರು ವಾರ. ನಡುವೆ ಬಿಟ್ಟರೆ ಮೊಟ್ಟೆಯಿಂದ ಬಂದವು ಮತ್ತೆ ತುಂಬಿಕೊಳ್ಳುತ್ತವೆ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಆದರೆ ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಬೇಡ, 32 ಡಿಗ್ರಿ ದಾಟುವ ದಿನ ಬೇಡ. ವೈರಸ್ ಆದರೆ ಮದ್ದಿಲ್ಲ, ಗಿಡ ಕಿತ್ತು ಚೀಲ ಕಟ್ಟಿ ಹೊರಹಾಕಿ. ಕಾಂಪೋಸ್ಟ್ ಡ್ರಮ್ಮಿಗೂ ಹೋಗಬಾರದು, ಅಲ್ಲಿಂದ ಬಿಳಿನೊಣ ಎದ್ದು ಬರುತ್ತದೆ.

ಮುಂದಿನ ಸಲ ತಳಿ ನೋಡಿ ಕೊಳ್ಳಿ. ಹೆಸರಘಟ್ಟದ ಐಐಎಚ್‌ಆರ್‌ನ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಅರ್ಕಾ ರಕ್ಷಕ್ ಟೊಮೆಟೊ ಎಲೆಮುಟುರು ವೈರಸ್, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರಕ್ಕೂ ನಿಲ್ಲುತ್ತದೆ. ಬೆಂಡೆಯಲ್ಲಿ ಅರ್ಕಾ ಅನಾಮಿಕ, ಹಳದಿ ನಂಜಿಗೆ. ಅರ್ಕಾ ರಕ್ಷಕ್‌ನ ಗಿಡಕ್ಕೆ 18 ಕೆಜಿ ಎಂಬ ಸುದ್ದಿ ಓದಿ ಬ್ಯಾಗಿನ ಮುಂದೆ ಕಾಯಬೇಡಿ, ಅದು ನೆಲದಲ್ಲಿ, ರಸಾವರಿ (ಡ್ರಿಪ್ ನೀರಿನ ಜೊತೆಗೇ ಕೊಡುವ) ಗೊಬ್ಬರದಲ್ಲಿ ಬೆಳೆದ ಮಾತು. 20 ಲೀಟರ್ ಬ್ಯಾಗಿನಲ್ಲಿ ಎರಡು ಮೂರು ಕೆಜಿ ಬಂದರೆ ಚೆನ್ನಾಗಿ ಬೆಳೆದ ಹಾಗೆ. ಅದು ಎಫ್1 ಸಂಕರ, ಅದರ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಹಿತ್ತಲ_ಸೊಪ್ಪು:

ನೆರಳು ವರ್ಷವಿಡೀ ಒಂದೇ ಅಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24, ಆಗಸ್ಟ್ 18ರ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ, ದಕ್ಷಿಣದ ಕಟ್ಟಡ ಆಗ ತೊಂದರೆಯೇ ಅಲ್ಲ. ಡಿಸೆಂಬರ್ 21ರ ಮಧ್ಯಾಹ್ನ ಎರಡು ಮಹಡಿ, ಅಂದರೆ 20 ಅಡಿ ಎತ್ತರದ ಗೋಡೆ ನಿಮ್ಮ ತಾರಸಿಯ ಮೇಲೆ 15 ಅಡಿ ನೆರಳು ಹಾಸುತ್ತದೆ. ಟೊಮೆಟೊಗೆ ಒಳ್ಳೆಯ ಕಾಲ ಚಳಿಗಾಲ, ಹಾಗಾಗಿ ಅದು, ಬದನೆ, ಮೆಣಸು ಉತ್ತರದ ಅಂಚಿಗೆ. ದಕ್ಷಿಣದ 15 ಅಡಿ ಸೊಪ್ಪಿಗೆ. ಸೊಪ್ಪಿಗೆ ನಾಲ್ಕು ಗಂಟೆ ಬಿಸಿಲು ಸಾಕು, ಕಾಯಿಗೆ ಆರು ಬೇಕು.

ಸೊಪ್ಪಿಗೆ ಬ್ಯಾಗ್ ಬೇಡ. ತರಕಾರಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟ್ ತಂದು ಒಳಗೆ ಶೇಡ್‌ನೆಟ್ ಹಾಸಿ ಆರಿಂಚು ಮಿಶ್ರಣ ತುಂಬಿ. ದಂಟಿನ ಬೀಜ ಒಂದು ಕ್ರೇಟಿಗೆ ಒಂದೂವರೆ ಗ್ರಾಂ, ಒಂದು ಹಿಡಿ ಮರಳಿನಲ್ಲಿ ಬೆರೆಸಿ ಎರಚಿ. ಇಲ್ಲದಿದ್ದರೆ ಒಂದೇ ಮೂಲೆಗೆ ಬಿದ್ದು ಸಸಿ ಕೊಳೆಯುತ್ತದೆ. ಇರುವೆ ಬೀಜ ಹೊರುತ್ತದೆ, ಸುತ್ತ ಅರಿಶಿನ ಅಲ್ಲ, ಕ್ರೇಟಿನ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಿ. ಮೆಂತ್ಯ 20 ಗ್ರಾಂ, ರಾತ್ರಿ ನೆನೆಹಾಕಿ. ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಏಪ್ರಿಲ್‌ನಲ್ಲಿ ಬಿತ್ತಿದರೆ ಎಲೆಗಿಂತ ಮೊದಲು ಹೂವೇ ಬರುತ್ತದೆ.

ಲೆಕ್ಕ ಹೀಗೆ: ಒಂದು ಕ್ರೇಟಿನಿಂದ ಸುಮಾರು 300 ಗ್ರಾಂ ದಂಟು. 12 ಕ್ರೇಟ್ ಇಟ್ಟು ಐದಾರು ದಿನಕ್ಕೆ ಎರಡರಂತೆ ಬಿತ್ತುತ್ತಾ ಹೋದರೆ ನಾಲ್ಕು ಜನರ ಮನೆಗೆ ವಾರದಲ್ಲಿ ಮೂರು ದಿನದ ಸೊಪ್ಪು. ಉಳಿದ ದಿನಕ್ಕೆ ಬಸಳೆ, ಹೊನಗೊನ್ನೆ, ಚಕ್ರಮುನಿ. ಇವು ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯಬಹುದು, ಹುಳುಬಾಧೆಯೂ ಕಡಿಮೆ. 100 ಬ್ಯಾಗ್ ಟೊಮೆಟೊ, ಕ್ಯಾಪ್ಸಿಕಂ ಎಂದು ಹೊರಟವರು ಮೂರನೇ ತಿಂಗಳಿಗೆ ಕೈಚೆಲ್ಲುವುದೇ ಹೆಚ್ಚು. 40 ಬ್ಯಾಗ್ ಕಾಯಿಗೆ, 12 ಕ್ರೇಟ್ ಸೊಪ್ಪಿಗೆ, ಮೂರು ಅರ್ಧ ಡ್ರಮ್ಮು ಕರಿಬೇವು, ನುಗ್ಗೆ, ನಿಂಬೆಗೆ ಇಟ್ಟರೆ ಇಬ್ಬರು ನೋಡಿಕೊಳ್ಳುವಷ್ಟಿರುತ್ತದೆ.

ಮನೆಯ ಹಸಿಕಸದಿಂದಲೇ ಗೊಬ್ಬರ ಪೂರೈಸುತ್ತದೆ ಎಂದೂ ನಂಬಬೇಡಿ. ತಿಂಗಳಿಗೆ 25 ಕೆಜಿ ಕಸ ಕಳಿತರೆ ಐದಾರು ಕೆಜಿ ಕಾಂಪೋಸ್ಟ್. ಬ್ಯಾಗುಗಳಿಗೆ ತಿಂಗಳಿಗೊಂದು ಹಿಡಿ ಮೇಲುಗೊಬ್ಬರಕ್ಕೆ ಸರಿಹೋಗುತ್ತದೆ, ಹೊಸ ಬ್ಯಾಗ್ ತುಂಬಲು ಹೊರಗಿನಿಂದ ತರಲೇಬೇಕು. ಡ್ರಮ್ಮು ನಾರುತ್ತಿದ್ದರೆ ಒದ್ದೆ ಹೆಚ್ಚಾಗಿದೆ ಅಂತ, ಒಂದು ಬಟ್ಟಲು ಕಸಕ್ಕೆ ಎರಡು ಬಟ್ಟಲು ಪುಡಿ ಮಾಡಿದ ಒಣಎಲೆ ಹಾಕಿ ಕಲಕಿ.

ತಾರಸಿ_ತರಕಾರಿ:

ಸರಿ, ಮೊದಲು ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಮಣ್ಣು ಬದಲು. ಈಗಿರುವ 40 ಬ್ಯಾಗ್ ಸರಿಸುವುದೇ ದೊಡ್ಡ ಕೆಲಸ, ಎರಡು ಬ್ಯಾಗಿನ ಹಿಡಿ ಆಗಲೇ ಕಿತ್ತುಬಂತು.

ಸಿಮೆಂಟು_ಜಲ್ಲಿ:

ಹಿಡಿ ಹಿಡಿದು ಎತ್ತಬೇಡಿ, ಬಿಸಿಲಿಗೆ ಹೊಲಿಗೆ ದಾರವೇ ಮೊದಲು ಸಾಯುವುದು. ಎರಡು ದಿನ ಬ್ಯಾಗಿಗೆ ನೀರು ಹಾಕಬೇಡಿ, ಸ್ವಲ್ಪ ಹಗುರಾಗುತ್ತದೆ. ಬ್ಯಾಗನ್ನು ಒಂದು ಬದಿಗೆ ವಾಲಿಸಿ ಕೆಳಗೆ ಗೋಣಿಚೀಲ ತೂರಿಸಿ, ಚೀಲ ಹಿಡಿದು ಎಳೆಯಿರಿ. ಎಳೆದು ತಂದು ಎಲ್ಲವನ್ನೂ ಒಂದೇ ಮೂಲೆಗೆ ಪೇರಿಸಬೇಡಿ, ಪ್ಯಾರಪೆಟ್ ಉದ್ದಕ್ಕೂ ಒಂದೇ ಸಾಲು.